ಯೆರೆಮೀಯ 31 ಓದುವ ಮೊದಲು 34 ಓದಿ

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹಂಚುವ ವಾಗ್ದಾನದ ಕಾರ್ಡುಗಳಲ್ಲಿ ಬೈಬಲಿನ ಪ್ರವಾದಿ ಯೆರೆಮೀಯನಿಗೆ ಖಾಯಂ ಜಾಗ. 29:11, ನಿಮಗೆ ನಿರೀಕ್ಷೆಯ ಭವಿಷ್ಯ ಕೊಡುವೆನೆಂಬ ಮಾತು, ತಪ್ಪದೆ ಬರುತ್ತದೆ, 31:3 ಬರುತ್ತದೆ, 33:3 ಬರುತ್ತದೆ. ಒಮ್ಮೊಮ್ಮೆ 31:33 ಕೂಡ, ದೇವರು ತನ್ನ ಧರ್ಮೋಪದೇಶವನ್ನು ಜನರ ಹೃದಯದೊಳಗೆ ಬರೆಯುವ ಮಾತು. ಕಾರ್ಡಿನಲ್ಲಿ ಒಂದು ವಚನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ, ಅದು ಕಾರ್ಡಿನ ತಪ್ಪಲ್ಲ. ಆದರೆ 29:11ರ ಹಿಂದಿನ ವಚನದಲ್ಲೇ 70 ವರ್ಷದ ಲೆಕ್ಕ ಇದೆ. ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರ ಅದು, ಅದನ್ನು ಅಲ್ಲಿ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿನ ಮುಖ ಕಾಣದೆ ಅಲ್ಲೇ ಕಣ್ಣು ಮುಚ್ಚಬೇಕಿತ್ತು. ಹೊಸ ಒಡಂಬಡಿಕೆಯ, ಅಂದರೆ ದೇವರು ತನ್ನ ಜನರೊಂದಿಗೆ ಹೊಸದಾಗಿ ಮಾಡುವೆನೆನ್ನುವ ಒಪ್ಪಂದದ, ಮಾತಿಗೂ (31:31-34) ಇದೇ ಗತಿಯಾಗಿದೆ. ನ್ಯಾಯತೀರ್ಪಿನ ಪುಸ್ತಕದ ನಡುವಿನಿಂದ ನಾಲ್ಕು ವಚನ ಕಿತ್ತುಕೊಂಡು, ಹಳೆಯದು ಶಿಕ್ಷೆ, ಹೊಸದು ಕೃಪೆ ಅಂತ ಮುಗಿಸಿಬಿಡುತ್ತೇವೆ.

31:31-34 ಸರಿಯಾಗಿ ಅರ್ಥವಾಗಬೇಕಾದರೆ ಮೊದಲು 34ನೇ ಅಧ್ಯಾಯ ಓದಬೇಕು ಅನ್ನುವುದು ನನ್ನ ವಾದ. ಪ್ರಸಂಗಗಳಲ್ಲಿ ಅಪರೂಪಕ್ಕೂ ಕೇಳಿಬರದ ಅಧ್ಯಾಯ ಅದು.

ಯೆರೂಸಲೇಮಿಗೆ ಬಾಬೆಲಿನ ಸೈನ್ಯ ಮುತ್ತಿಗೆ ಹಾಕಿದೆ. ಯೆಹೂದದ ಕೋಟೆಯ ಊರುಗಳಲ್ಲಿ ಇನ್ನು ಬೀಳದೆ ಉಳಿದಿರುವುದು ಲಾಕೀಷ್ ಮತ್ತು ಅಜೇಕ ಎರಡೇ (34:7). ಇದು ಬರೀ ಬೈಬಲಿನ ಮಾತಲ್ಲ. 1935ರಲ್ಲಿ ಲಾಕೀಷಿನ ಕೋಟೆ ಬಾಗಿಲ ಪಕ್ಕದ ಕೋಣೆಯನ್ನು ಅಗೆದಾಗ ಮಡಕೆ ಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಸೈನಿಕ ಪತ್ರಗಳು ಸಿಕ್ಕವು. ಅವುಗಳಲ್ಲೊಂದರಲ್ಲಿ, ಲಾಕೀಷಿನ ಬೆಂಕಿ ಸಂಕೇತಕ್ಕಾಗಿ ಕಾಯುತ್ತಿದ್ದೇವೆ, ಅಜೇಕ ಕಾಣುತ್ತಿಲ್ಲ ಎಂದು ಹೊರಠಾಣೆಯವನೊಬ್ಬ ಮೇಲಧಿಕಾರಿಗೆ ಬರೆದಿದ್ದಾನೆ. ಅಜೇಕ ಆಗಲೇ ಬಿದ್ದುಹೋಗಿತ್ತು ಎಂದು ಕೆಲವರು ಓದುತ್ತಾರೆ. ಹಾಗಲ್ಲದಿದ್ದರೂ ಆ ಇಕ್ಕಟ್ಟಿನ ದಿನಗಳ ಬಿಸಿ ಆ ಒಂದು ಸಾಲಿನಲ್ಲೇ ತಟ್ಟುತ್ತದೆ.

ಇಂಥ ಹೊತ್ತಿನಲ್ಲಿ ಅರಸ ಚಿದ್ಕೀಯ ಯೆರೂಸಲೇಮಿನ ಜನರೊಂದಿಗೆ ಒಂದು ಒಡಂಬಡಿಕೆ ಮಾಡಿಕೊಳ್ಳುತ್ತಾನೆ: ಇಬ್ರಿಯ ದಾಸದಾಸಿಯರನ್ನೆಲ್ಲ ಬಿಟ್ಟುಬಿಡಬೇಕು, ಸ್ವಜನರನ್ನು ಯಾರೂ ದಾಸರಾಗಿ ಇಟ್ಟುಕೊಳ್ಳಬಾರದು. ಇದೇನು ಹೊಸ ಕಾನೂನಲ್ಲ. ವಿಮೋಚನಕಾಂಡ 21:2ರ ಪ್ರಕಾರ ಇಬ್ರಿಯ ದಾಸ ಆರು ವರ್ಷ ದುಡಿದರೆ ಏಳನೆಯದರಲ್ಲಿ ಸ್ವತಂತ್ರ. ಧರ್ಮೋಪದೇಶಕಾಂಡ 15:13-14 ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬರಿಗೈಯಲ್ಲಿ ಕಳಿಸಬೇಡಿ, ಕುರಿಹಿಂಡಿನಿಂದ, ಕಣದಿಂದ, ದ್ರಾಕ್ಷಿ ಆಲೆಯಿಂದ ಧಾರಾಳವಾಗಿ ಕೊಟ್ಟು ಕಳಿಸಿ ಎನ್ನುತ್ತದೆ. ಈ ಕಾನೂನನ್ನು ನಿಮ್ಮ ಹಿರಿಯರು ಕಿವಿಗೇ ಹಾಕಿಕೊಳ್ಳಲಿಲ್ಲ ಎಂದು ಯೆರೆಮೀಯ ಇಲ್ಲಿ ನೆನಪಿಸುತ್ತಾನೆ. ಮುತ್ತಿಗೆಯ ನಡುವೆ ಅಂತೂ ಅದು ಜಾರಿಗೆ ಬಂತು. ಹೊಲಗದ್ದೆ ಗೋಡೆಯಾಚೆ ಶತ್ರುವಿನ ಕೈಲಿರುವಾಗ ದಾಸರಿಗೆ ಕೆಲಸವಿಲ್ಲ, ಊಟ ಮಾತ್ರ ಹಾಕಬೇಕು, ಅದಕ್ಕೇ ಬಿಟ್ಟರು ಎಂದು ಕೆಲವು ವ್ಯಾಖ್ಯಾನಕಾರರು ಊಹಿಸುತ್ತಾರೆ. ಪಠ್ಯ ಕಾರಣ ಹೇಳುವುದಿಲ್ಲ. ನೀವು ಮನಸ್ಸು ತಿರುಗಿಸಿಕೊಂಡು ನನ್ನ ಕಣ್ಣಿಗೆ ಸರಿಕಂಡದ್ದನ್ನೇ ಮಾಡಿದಿರಿ ಎಂದು ದೇವರ ಬಾಯಿಂದಲೇ ಹೊಗಳಿಕೆ ಬರುತ್ತದೆ (34:15).

ಆಮೇಲೆ ಫರೋಹನ ಸೈನ್ಯ ಐಗುಪ್ತದಿಂದ ಹೊರಟ ಸುದ್ದಿ ಬಂತು, ಬಾಬೆಲಿನವರು ಮುತ್ತಿಗೆ ಸಡಿಲಿಸಿ ಹಿಂದೆ ಸರಿದರು (37:5). ಕೂಡಲೇ ಯಜಮಾನರು ಬಿಟ್ಟುಕಳಿಸಿದ್ದ ದಾಸದಾಸಿಯರನ್ನು ವಾಪಸ್ ಎಳೆದುತಂದರು. ಅಷ್ಟೇ ಕಥೆ.

ಈ ಒಡಂಬಡಿಕೆ ಆದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಕರುವನ್ನು ಎರಡು ಹೋಳಾಗಿ ಕಡಿದು ಎದುರುಬದುರು ಇಟ್ಟು, ಯೆಹೂದದ ಅಧಿಪತಿಗಳು, ಯೆರೂಸಲೇಮಿನ ಅಧಿಪತಿಗಳು, ಕಂಚುಕಿಗಳು, ಯಾಜಕರು, ದೇಶದ ಜನರೆಲ್ಲ ಆ ಹೋಳುಗಳ ನಡುವೆ ನಡೆದುಹೋದರು (34:18-19). ನಡೆದದ್ದು ದೇವಾಲಯದಲ್ಲಿ. ಮಾತಿಗೆ ತಪ್ಪಿದರೆ ನನಗೂ ಈ ಕರುವಿನ ಗತಿಯಾಗಲಿ ಎಂದು ಕಾಲಿನಲ್ಲಿ ಹಾಕಿದ ಆಣೆ ಅದು. ಆ ಕಾಲದ ಸುತ್ತಲಿನ ರಾಜಕೀಯ ಒಪ್ಪಂದಗಳಲ್ಲೂ ಇದೇ ಭಾಷೆ ಇದೆ. ಅಲೆಪ್ಪೋ ಹತ್ತಿರದ ಸೆಫೀರೆಯಲ್ಲಿ ಸಿಕ್ಕಿದ, ಕ್ರಿ.ಪೂ. 8ನೇ ಶತಮಾನದ ಅರಮಾಯಿಕ್ ಶಾಸನದಲ್ಲಿ, ಈ ಕರುವನ್ನು ಕಡಿದ ಹಾಗೆ ಅರ್ಪಾದಿನ ಅರಸ ಮತಿಯೇಲನೂ ಅವನ ಪ್ರಮುಖರೂ ಕಡಿಯಲ್ಪಡಲಿ ಎಂಬ ಶಾಪವಿದೆ. ಆದಿಕಾಂಡ 15ರಲ್ಲಿ ಅಬ್ರಾಮ ಮೂರು ವರ್ಷದ ಕಡಸು, ಮೇಕೆ, ಟಗರುಗಳನ್ನು ಹೋಳು ಮಾಡಿಟ್ಟಾಗಲೂ ಇದೇ ಪದ್ಧತಿ. ಆದರೆ ಅಲ್ಲಿ ಅಬ್ರಾಮ ನಡೆಯುವುದಿಲ್ಲ, ಅವನಿಗೆ ಗಾಢ ನಿದ್ರೆ. ಹೊಗೆಯಾಡುವ ಒಲೆ, ಉರಿಯುವ ಪಂಜು ಮಾತ್ರ ಹೋಳುಗಳ ನಡುವೆ ದಾಟುತ್ತವೆ. ಆಣೆಯ ಭಾರ ದೇವರ ಕಡೆ ಬಿತ್ತು. ಯೆರೆಮೀಯ 34ರಲ್ಲಿ ಜನರೇ ನಡೆದರು, ಹಾಗಾಗಿ ಅವರ ಬಾಯಿಮಾತಿನ ಶಾಪವೇ ಅವರ ಮೇಲೆ ಬರುತ್ತದೆ. ಹೆಣಗಳು ಹಕ್ಕಿಗಳಿಗೂ ಮೃಗಗಳಿಗೂ ಆಹಾರವಾಗುವುವು (34:20).

ತೀರ್ಪಿನ ಮಾತು ಇನ್ನೂ ಹರಿತ. ನೀವು ಸಹೋದರರಿಗೆ ಬಿಡುಗಡೆ ಸಾರಲಿಲ್ಲ, ನಾನು ನಿಮಗೆ ಬಿಡುಗಡೆ ಸಾರುತ್ತೇನೆ, ಕತ್ತಿಗೆ, ವ್ಯಾಧಿಗೆ, ಕ್ಷಾಮಕ್ಕೆ (34:17). ದೈವಿಕ ನ್ಯಾಯತೀರ್ಪು ಎಂದರೆ ಆಕಾಶದಿಂದ ದಿಢೀರನೆ ಎರಗುವ ಕೋಪ ಎಂದುಕೊಂಡವರು ಈ ವಚನದ ಮೇಲೆ ಸ್ವಲ್ಪ ಹೊತ್ತು ಕೂರಬೇಕು. ಶಿಕ್ಷೆಯ ಆಕಾರ ಅಪರಾಧದ ಆಕಾರದ್ದೇ. 39:10ರಲ್ಲಿ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ: ಪಟ್ಟಣ ಬಿದ್ದ ಮೇಲೆ ಬಾಬೆಲಿನ ಕಾವಲುದಂಡಿನ ನಾಯಕ ನೆಬೂಜರದಾನ್, ಏನೂ ಇಲ್ಲದ ಬಡವರನ್ನು ಯೆಹೂದದಲ್ಲೇ ಬಿಟ್ಟು ಅವರಿಗೆ ದ್ರಾಕ್ಷಿತೋಟ, ಹೊಲಗಳನ್ನು ಕೊಟ್ಟ. ಅವರು ಅದೇ ದಾಸರು ಎಂದು ಪಠ್ಯ ಹೇಳುವುದಿಲ್ಲ. ಆದರೂ ದ್ರಾಕ್ಷಿ ಆಲೆಯಿಂದ ಧಾರಾಳವಾಗಿ ಕೊಡಿ ಎಂಬ ಕಾನೂನನ್ನು ಸ್ವಂತ ಜನ ಮರೆತಾಗ, ತೋಟ ಕೊಟ್ಟವನು ಊರು ಸುಟ್ಟ ಪರದೇಶದವನು ಎಂಬುದು ಕಣ್ಣಿಗೆ ರಾಚುತ್ತದೆ.

34ರ ಬೆನ್ನಿಗೇ 35. ಕಾಲಕ್ರಮದಲ್ಲಿ ಅದು ಹತ್ತಾರು ವರ್ಷ ಹಿಂದಿನದು, ಚಿದ್ಕೀಯನಿಗಿಂತ ಮುಂಚಿನ ಅರಸ ಯೆಹೋಯಾಕೀಮನ ದಿನಗಳದ್ದು. ಪುಸ್ತಕ ಜೋಡಿಸಿದವರು ಬೇಕೆಂದೇ ಪಕ್ಕದಲ್ಲಿಟ್ಟಿದ್ದಾರೆ. ರೇಕಾಬ್ಯರೆಂಬ ಕುಲದವರನ್ನು ಯೆರೆಮೀಯ ದೇವಾಲಯದ ಕೋಣೆಗೆ ಕರೆದು ತುಂಬಿದ ದ್ರಾಕ್ಷಾರಸದ ಪಾತ್ರೆಗಳನ್ನು ಮುಂದಿಡುತ್ತಾನೆ. ಅವರು ಮುಟ್ಟುವುದಿಲ್ಲ. ಕುಡಿಯಬೇಡಿ, ಮನೆ ಕಟ್ಟಬೇಡಿ, ಬಿತ್ತಬೇಡಿ, ಗುಡಾರದಲ್ಲೇ ವಾಸಿಸಿ ಎಂದು ಮೂಲಪುರುಷ ಯೋನಾದಾಬ ಹೇಳಿದ್ದನಂತೆ, ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದ್ದಾರೆ. ಇದನ್ನು ಮದ್ಯಪಾನ ವಿರೋಧಿ ಪ್ರಸಂಗಕ್ಕೆ ಬಳಸುವವರು ಬಹಳ. ಅಧ್ಯಾಯದ ಗುರಿ ಅದಲ್ಲ. ಸತ್ತ ತಾತನ ಮಾತಿಗೆ ಇಷ್ಟು ನಂಬಿಗಸ್ತಿಕೆ, ಜೀವಂತ ದೇವರ ಮಾತಿಗೆ ಕೆಲವೇ ದಿನದಲ್ಲಿ ತಿರುಗುಮುರುಗು: ಹೋಲಿಕೆ ಅದು.

ಈಗ 31ಕ್ಕೆ ಬನ್ನಿ. ಹೊಸ ಒಡಂಬಡಿಕೆ, ನಾನು ಅವರ ಪಿತೃಗಳನ್ನು ಕೈಹಿಡಿದು ಐಗುಪ್ತದಿಂದ ಕರತಂದಾಗ ಮಾಡಿದ ಒಡಂಬಡಿಕೆಯಂತಲ್ಲ, ಅದನ್ನು ಅವರು ಮುರಿದರು ಎನ್ನುತ್ತದೆ 31:32. ಯಾವುದನ್ನು, ಹೇಗೆ ಮುರಿದರು? 34:13 ಇದೇ ಐಗುಪ್ತದ ಒಡಂಬಡಿಕೆಯನ್ನು ಎತ್ತಿಕೊಂಡು ಅದರೊಳಗಿನ ಒಂದು ವಿಧಿಯನ್ನು ಬೆರಳಿಟ್ಟು ತೋರಿಸುತ್ತದೆ: ದಾಸ್ಯದಿಂದ ಬಿಡಿಸಿಕೊಂಡವರು ದಾಸರನ್ನು ಬಿಡಬೇಕು ಎಂಬುದು. ಅಂದರೆ ಹಳೆಯ ಒಡಂಬಡಿಕೆ ಕಠಿಣವಾಗಿದ್ದರಿಂದ ಕುಸಿಯಲಿಲ್ಲ. ಅದು ಕೇಳಿದ್ದು ಕರುಣೆಯನ್ನು, ಅದೇ ನಡೆಯಲಿಲ್ಲ.

ಇನ್ನು ಆ ವಾಗ್ದಾನದ ಒಂದೊಂದು ಮಾತನ್ನೂ ಹಿಡಿದು ಹಿಂದಿನ ಅಧ್ಯಾಯಗಳಲ್ಲಿ ಹುಡುಕಿದರೆ, ಪ್ರತಿಯೊಂದೂ ಮೊದಲೇ ಬರೆದಿಟ್ಟ ಒಂದು ತೀರ್ಪಿನ ತಿರುವುಮುರುವು ಎಂಬುದು ಗೊತ್ತಾಗುತ್ತದೆ. ಹೃದಯದ ಮೇಲೆ ಬರೆಯುವ ಮಾತು ತೆಗೆದುಕೊಳ್ಳಿ. 17:1ರಲ್ಲಿ ಯೆಹೂದದ ಪಾಪವನ್ನು ವಜ್ರದ ಮೊನೆಯ ಕಬ್ಬಿಣದ ಲೇಖನಿಯಿಂದ ಅವರ ಹೃದಯದ ಹಲಗೆಯ ಮೇಲೆ ಕೆತ್ತಲಾಗಿದೆ. ಹಲಗೆ ಖಾಲಿ ಇರಲಿಲ್ಲ! ಹೊಸ ಬರಹ ಬರಬೇಕಾದರೆ ಕಲ್ಲಿನಲ್ಲಿ ಕೊರೆದ ಹಳೆಯದು ಹೋಗಬೇಕು, ಅದನ್ನು ಉಜ್ಜಿ ತೆಗೆಯುವ ಶಕ್ತಿ ಹೃದಯದ ಮಾಲೀಕನಿಗಿಲ್ಲ. ಹೊರಗಿನ ಬರಹದ ಗತಿಯೂ ಪುಸ್ತಕದಲ್ಲೇ ಇದೆ. 36ನೇ ಅಧ್ಯಾಯದಲ್ಲಿ, ಒಂಬತ್ತನೆಯ ತಿಂಗಳ ಚಳಿಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತ ಯೆಹೋಯಾಕೀಮ, ಯೆರೆಮೀಯನ ಬರಹಗಾರ ಬಾರೂಕ ಬರೆದ ಸುರುಳಿಯನ್ನು ಓದಿಸುತ್ತ, ಮೂರು ನಾಲ್ಕು ಅಂಕಣ ಮುಗಿದಂತೆಲ್ಲ ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕಿದ. ಸುರುಳಿಯನ್ನು ಸುಡಬಹುದು, ಕಲ್ಲಿನ ಹಲಗೆಯನ್ನು ಒಡೆಯಬಹುದು. ಗಮನಿಸಿ, 31:33ರಲ್ಲಿ ಬದಲಾಗುವುದು ಬರೆಯುವ ಜಾಗ. ಬರೆಯುವುದು ನನ್ನ ಧರ್ಮೋಪದೇಶವನ್ನೇ ಎನ್ನುತ್ತಾನೆ ದೇವರು. ಹೊಸ ಒಡಂಬಡಿಕೆ ಬಂತು, ಇನ್ನು ಯಾವ ನಿಯಮವೂ ಇಲ್ಲ ಎನ್ನುವವರಿಗೆ ಈ ವಚನದಲ್ಲಿ ಆಸರೆ ಸಿಗುವುದಿಲ್ಲ.

ಚಿಕ್ಕವರು ಮೊದಲುಗೊಂಡು ದೊಡ್ಡವರ ತನಕ ಎಲ್ಲರೂ ನನ್ನನ್ನು ಅರಿಯುವರು ಎಂಬುದು ಮುಂದಿನ ಮಾತು. 6:13ರಲ್ಲಿ ಚಿಕ್ಕವರು ಮೊದಲುಗೊಂಡು ದೊಡ್ಡವರ ತನಕ ಎಲ್ಲರೂ ದೋಚುವವರು. 5ನೇ ಅಧ್ಯಾಯದ ಆರಂಭದಲ್ಲಿ ಯೆರೂಸಲೇಮಿನ ಬೀದಿ ಬೀದಿ ಸುತ್ತಿ, ನ್ಯಾಯ ಮಾಡುವ ಒಬ್ಬನೇ ಒಬ್ಬ ಸಿಕ್ಕರೆ ಪಟ್ಟಣವನ್ನು ಕ್ಷಮಿಸುತ್ತೇನೆ ಎನ್ನುತ್ತಾನೆ ದೇವರು. ಬಡವರಲ್ಲಿ ಸಿಗಲಿಲ್ಲ, ಅವರಿಗೆ ಗೊತ್ತಿಲ್ಲ ಬಿಡಿ ಎಂದುಕೊಂಡು ಪ್ರವಾದಿ ದೊಡ್ಡವರ ಹತ್ತಿರ ಹೋದರೆ ಅವರು ಒಟ್ಟಾಗಿ ನೊಗವನ್ನೇ ಮುರಿದಿದ್ದರು. ಹಾಗಾದರೆ ದೇವರನ್ನು ಅರಿಯುವುದೆಂದರೆ ಏನು? ಉತ್ತರಕ್ಕೆ ಹೊರಗಿನ ನಿಘಂಟು ಬೇಡ, 22:13-16 ಸಾಕು. ಕೂಲಿ ಕೊಡದೆ ಬಿಟ್ಟಿ ದುಡಿಸಿ, ವಿಶಾಲ ಮಹಡಿ ಕಟ್ಟಿಸಿ, ದೇವದಾರಿನ ಹಲಗೆ ಹೊದಿಸಿ ಕೆಂಪು ಬಳಿಸಿದ ಯೆಹೋಯಾಕೀಮನಿಗೆ ಪ್ರವಾದಿ ಕೇಳುತ್ತಾನೆ: ನಿನ್ನ ಅಪ್ಪ ಯೋಷೀಯ ದೀನದರಿದ್ರರ ವ್ಯಾಜ್ಯವನ್ನು ತೀರಿಸಿದ, ನನ್ನನ್ನು ಅರಿಯುವುದೆಂದರೆ ಇದೇ ಅಲ್ಲವೇ? 31:34ನ್ನು ಬರೀ ಒಳಗಿನ ಅನುಭವವೆಂದು ಓದುವಾಗ ಈ ವಚನ ಕೈಬಿಟ್ಟುಹೋಗಿರುತ್ತದೆ. ಇನ್ನು ಮುಂದೆ ಒಬ್ಬರಿಗೊಬ್ಬರು ಬೋಧಿಸಬೇಕಾಗಿಲ್ಲ ಎಂಬುದನ್ನು ಹಿಡಿದು ಬೋಧಕರೇ ಬೇಡವೆನ್ನುವ ಗುಂಪುಗಳೂ ಇವೆ. ವಿಚಿತ್ರವೆಂದರೆ ಅದನ್ನು ಬೋಧಿಸಲು ಅವರಲ್ಲೂ ಒಬ್ಬ ಬೋಧಕ ಇದ್ದೇ ಇರುತ್ತಾನೆ.

ಕೊನೆಯದು ಕ್ಷಮೆ. ನಾನು ನಿನ್ನನ್ನು ಹೇಗೆ ಕ್ಷಮಿಸಲಿ ಎಂದು 5:7 ಕೇಳಿತ್ತು. ಈಗ ಅವರ ಅಧರ್ಮವನ್ನು ನೆನಪಿಗೆ ತಂದುಕೊಳ್ಳುವನು ಎಂದು 14:10 ಹೇಳಿತ್ತು. 31:34 ಎರಡನ್ನೂ ತಿರುಗಿಸುತ್ತದೆ: ಕ್ಷಮಿಸುತ್ತೇನೆ, ಇನ್ನು ನೆನಪಿಗೆ ತರುವುದಿಲ್ಲ. ಇಲ್ಲಿ ಜನರ ಕಡೆಯಿಂದ ಯಾವ ಷರತ್ತೂ ಬರೆದಿಲ್ಲ. ಹೋಳುಗಳ ನಡುವೆ ಈ ಸಲ ಮತ್ತೆ ದೇವರೊಬ್ಬನೇ ದಾಟುತ್ತಾನೆ ಎನ್ನಬಹುದು. ನಂಬಿಗಸ್ತಿಕೆಗೆ ಜಾಮೀನಾಗಿ ಮುಂದಿನ ವಚನಗಳು ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆಯನ್ನು ಮುಂದಿಡುತ್ತವೆ. ಆ ಕಟ್ಟಳೆ ತಪ್ಪಿದರೆ ಮಾತ್ರ ಇಸ್ರಾಯೇಲ್ ಸಂತತಿ ನಿಂತುಹೋಗುವುದು.

ಸಂತತಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಈ ಒಡಂಬಡಿಕೆಯ ಪಕ್ಷಗಾರರು ಇಸ್ರಾಯೇಲ್ ವಂಶ ಮತ್ತು ಯೆಹೂದ ವಂಶ ಎಂದು 31:31 ಸ್ಪಷ್ಟವಾಗಿ ಹೆಸರಿಸಿದೆ. ಯೆಹೂದ್ಯರನ್ನು ತಳ್ಳಿ ಆ ಜಾಗದಲ್ಲಿ ಕ್ರೈಸ್ತ ಸಭೆಯನ್ನು ಕೂರಿಸುವ ಓದು ಈ ಅಧ್ಯಾಯದಿಂದ ಹುಟ್ಟುವುದಿಲ್ಲ. ರೋಮಾಪುರದವರಿಗೆ ಬರೆಯುವಾಗ ಪೌಲ ಅನ್ಯಜನರನ್ನು ಕಸಿ ಕಟ್ಟಿದ ಕೊಂಬೆ ಎಂದದ್ದು ಇದೇ ಕಾರಣಕ್ಕೆ. ಹೊಸ ಒಡಂಬಡಿಕೆ ಎಂಬ ಹೆಸರನ್ನು ಯೇಸುವಿಗೂ ಮೊದಲೇ ಒಂದು ಯೆಹೂದ್ಯ ಪಂಗಡ ತನ್ನದಾಗಿಸಿಕೊಂಡಿತ್ತು. ಕೈರೋದ ಹಳೆಯ ಸಭಾಮಂದಿರದ ಕಡತಗಳಲ್ಲಿ ಸಿಕ್ಕಿ, 1910ರಲ್ಲಿ ಅಚ್ಚಾಗಿ, ಆಮೇಲೆ ಮೃತ ಸಮುದ್ರದ ದಂಡೆಯ ಕುಮ್ರಾನಿನ ಗುಹೆಗಳಲ್ಲೂ ತುಣುಕುಗಳಾಗಿ ದೊರೆತ ದಮಸ್ಕದ ಗ್ರಂಥದಲ್ಲಿ ದಮಸ್ಕ ದೇಶದ ಹೊಸ ಒಡಂಬಡಿಕೆಯ ಮಾತಿದೆ, ಅದಕ್ಕೆ ದ್ರೋಹ ಬಗೆದವರಿಗೆ ಶಿಕ್ಷೆಯೂ ಇದೆ.

ವಾಗ್ದಾನ ಬಂತೆಂದು ತೀರ್ಪು ರದ್ದಾಯಿತೇ? ಇಲ್ಲ. ಮುಂದಿನ 32ನೇ ಅಧ್ಯಾಯದಲ್ಲಿ ಯೆರೆಮೀಯ ಸೆರೆಯ ಅಂಗಳದಲ್ಲಿ ಕೂತು, ಅನಾತೋತಿನ ಹೊಲವನ್ನು ಚಿಕ್ಕಪ್ಪನ ಮಗ ಹನಮೇಲನಿಂದ 17 ಶೆಕೆಲ್ ಬೆಳ್ಳಿಗೆ ಕೊಳ್ಳುತ್ತಾನೆ. ಈಗಿನ ತೂಕದಲ್ಲಿ ಸುಮಾರು 190 ಗ್ರಾಂ. ತಕ್ಕಡಿಯಲ್ಲಿ ತೂಗಿ, ಸಾಕ್ಷಿ ಹಾಕಿಸಿ, ಮುದ್ರೆ ಹಾಕಿದ ಪತ್ರ ಒಂದು, ತೆರೆದ ಪತ್ರ ಒಂದು, ಎರಡನ್ನೂ ಬಹುಕಾಲ ಬಾಳಲೆಂದು ಮಣ್ಣಿನ ಪಾತ್ರೆಯಲ್ಲಿಡಲು ಬಾರೂಕನಿಗೆ ಹೇಳುತ್ತಾನೆ. ಶತ್ರು ಹಿಡಿದಿರುವ ಹೊಲಕ್ಕೆ ನಗದು ಕೊಟ್ಟ ಈ ಕ್ರಯಪತ್ರವೇ ವಾಗ್ದಾನದ ಮೇಲಿನ ನಂಬಿಕೆ. ಪಟ್ಟಣವಂತೂ ಬಿತ್ತು. 52ನೇ ಅಧ್ಯಾಯದ ಲೆಕ್ಕದಂತೆ ಮುತ್ತಿಗೆ ಶುರುವಾದದ್ದು ಚಿದ್ಕೀಯನ 9ನೇ ವರ್ಷದ 10ನೇ ತಿಂಗಳು, ಗೋಡೆ ಬಿರುಕುಬಿಟ್ಟದ್ದು 11ನೇ ವರ್ಷದ 4ನೇ ತಿಂಗಳು, ಕ್ರಿ.ಪೂ. 587 ಅಥವಾ 586. ದೇವಾಲಯ ಸುಟ್ಟಿತು. ಬಾಬೆಲಿನ ಅರಸ ಬೀಡುಬಿಟ್ಟಿದ್ದ ರಿಬ್ಲದಲ್ಲಿ ಚಿದ್ಕೀಯನ ಕಣ್ಣೆದುರೇ ಅವನ ಮಕ್ಕಳನ್ನು ಕೊಂದು ಆಮೇಲೆ ಅವನ ಕಣ್ಣು ಕಿತ್ತರು. ವಾಗ್ದಾನ ತೀರ್ಪನ್ನು ತಪ್ಪಿಸಲಿಲ್ಲ, ಅದರ ಆಚೆ ದಡದಲ್ಲಿ ನಿಂತಿತ್ತು. ನಿನ್ನನ್ನು ಮಿತಿಮೀರದೆ ಶಿಕ್ಷಿಸುತ್ತೇನೆ, ನಿರ್ಮೂಲ ಮಾಡುವುದಿಲ್ಲ ಎಂಬ 30:11ರ ಮಾತು ಇವೆರಡನ್ನೂ ಕಟ್ಟುವ ಗಂಟು.

ಹೊಸ ಒಡಂಬಡಿಕೆಯ ಪುಸ್ತಕಗಳಲ್ಲಿ ಇದು ಮುಂದುವರಿಯುವ ಮುಖ್ಯ ಜಾಗ ಎರಡು. ಇಬ್ರಿಯರಿಗೆ 8:8-12ರಲ್ಲಿ ಯೆರೆಮೀಯನ ನಾಲ್ಕೂ ವಚನ ಇಡಿಯಾಗಿ ಬರುತ್ತವೆ, ಹೊಸ ಒಡಂಬಡಿಕೆಯಲ್ಲಿ ಹಳೆಯದರ ಇಷ್ಟು ಉದ್ದದ ಉಲ್ಲೇಖ ಬೇರೆಯಿಲ್ಲ. ಮೊದಲನೆಯದು ಹಳತಾಯಿತು ಎಂದು 8:13 ಹೇಳುವಾಗ ಅದರ ವಾದವಿರುವುದು ಯಾಜಕತ್ವ, ಬಲಿ, ರಕ್ತಗಳ ಬಗ್ಗೆ. ಆದರೆ ಅದೇ ಪತ್ರದ 10:29-31 ಒಡಂಬಡಿಕೆಯ ರಕ್ತವನ್ನು ತುಚ್ಛೀಕರಿಸಿದವನಿಗೆ ಇನ್ನೂ ಕಠಿಣ ಶಿಕ್ಷೆ ಎನ್ನುತ್ತದೆ. ಜೀವಸ್ವರೂಪನಾದ ದೇವರ ಕೈಗೆ ಬೀಳುವುದು ಭಯಂಕರ. ಬೈಬಲ್ ಅಧ್ಯಯನದ ಗುಂಪುಗಳು 10:18ರಲ್ಲಿ ನೆಮ್ಮದಿಯಾಗಿ ನಿಲ್ಲಿಸಿಬಿಡುತ್ತವೆ. 10:39ರ ತನಕ ಓದಿಸಿ.

ಇನ್ನೊಂದು ಜಾಗ ಕರ್ತನ ಭೋಜನ, ಯೇಸು ಕೊನೆಯ ಊಟದಲ್ಲಿ ದ್ರಾಕ್ಷಾರಸದ ಪಾತ್ರೆ ಹಿಡಿದು ಆಡಿದ ಮಾತು. ಮಾರ್ಕ 14:24ರ ಹಳೆಯ ಹಸ್ತಪ್ರತಿಗಳಲ್ಲಿ ಒಡಂಬಡಿಕೆಯ ರಕ್ತ ಎಂದಷ್ಟೇ ಇದೆ, ವಿಮೋಚನಕಾಂಡ 24:8ರಲ್ಲಿ ಮೋಶೆ ಜನರ ಮೇಲೆ ಚಿಮುಕಿಸಿದ ರಕ್ತದ ಪ್ರತಿಧ್ವನಿ ಅದು. ಹೊಸ ಎಂಬುದು ಸೇರಿ ಬರುವುದು ಲೂಕ 22:20 ಮತ್ತು 1 ಕೊರಿಂಥ 11:25ರಲ್ಲಿ. ಕೊರಿಂಥದ ಪತ್ರ ಸುಮಾರು ಕ್ರಿ.ಶ. 54-55ರದ್ದು, ಹೆಚ್ಚಿನ ವಿದ್ವಾಂಸರ ಲೆಕ್ಕದಲ್ಲಿ ಸುವಾರ್ತೆಗಳಿಗಿಂತ ಮೊದಲಿನದು. ಹಾಗಾಗಿ ಈ ಪಾತ್ರೆಯ ಮಾತು ನಮಗೆ ಉಳಿದಿರುವ ಅತಿ ಹಳೆಯ ಬರಹರೂಪ ಒಂದು ಬೈಗುಳದ ಮಧ್ಯೆ ಇದೆ. ಕೊರಿಂಥದಲ್ಲಿ ಉಳ್ಳವರು ಮುಂಚೆಯೇ ತಂತಮ್ಮ ಊಟ ಮುಗಿಸುತ್ತಿದ್ದರು. ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಅಮಲೇರಿರುತ್ತಿದ್ದ. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಪೌಲ ಗದರುತ್ತಾನೆ (11:22). ಮುಂದೆ 29ರಲ್ಲಿ, ಸರಿಯಾಗಿ ವಿವೇಚಿಸದೆ ತಿಂದು ಕುಡಿಯುವವನು ತನಗೇ ತೀರ್ಪನ್ನು ತಿಂದು ಕುಡಿಯುತ್ತಾನೆ. ಯೆರೂಸಲೇಮಿನ ಯಜಮಾನರು ದಾಸರನ್ನು ವಾಪಸ್ ಎಳೆದ ಅಪರಾಧದ್ದೇ ಜಾತಿ ಇದು, ಮೇಜಿನ ಅಳತೆಗೆ ಇಳಿದಿದೆ. 32ನೇ ವಚನ ಮತ್ತೆ ಯೆರೆಮೀಯ 30:11ರ ದಾರಿಯನ್ನೇ ಹಿಡಿಯುತ್ತದೆ: ಕರ್ತನು ನಮ್ಮನ್ನು ಶಿಕ್ಷಿಸುವುದು ಲೋಕದ ಸಂಗಡ ನಮಗೆ ದಂಡನೆಯಾಗದಿರಲೆಂದು.

ನಮ್ಮ ಸಭೆಗಳಲ್ಲಿ ಕರ್ತನ ಭೋಜನದ ಸಂಸ್ಕಾರದ ಹೊತ್ತಿಗೆ ಈ ಭಾಗವನ್ನು ಸಾಮಾನ್ಯವಾಗಿ 23ರಿಂದ 26ರ ತನಕ ಓದುತ್ತಾರೆ. ಇನ್ನು ಕೆಲವರು 28ನ್ನು ಸೇರಿಸಿ, ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂದು ಹೇಳಿ, ವಾರದಲ್ಲಿ ಮಾಡಿದ ಖಾಸಗಿ ಪಾಪಗಳನ್ನು ನೆನೆಯಲು ಒಂದು ನಿಮಿಷ ಮೌನ ಕೊಡುತ್ತಾರೆ. ಅದೂ ಇರಲಿ. ಆದರೆ ಕತ್ತರಿ ಬೀಳುವುದು ಸರಿಯಾಗಿ ಹಸಿದವನು ಇರುವ ವಚನಗಳ ಮೇಲೆ. ಓದಿಸುವ ಜವಾಬ್ದಾರಿ ಇರುವವರು ವರ್ಷಕ್ಕೊಮ್ಮೆಯಾದರೂ 17ರಿಂದ ಶುರುಮಾಡಿ 34ರ ತನಕ ಓದಿಸಬಹುದು, ಎರಡು ಮೂರು ನಿಮಿಷದ ಕೆಲಸ. ಅದರ ಹಿಂದಿನ ಭಾನುವಾರ ಹಳೆಯ ಒಡಂಬಡಿಕೆಯ ಪಾಠಕ್ಕೆ ಯೆರೆಮೀಯ 34:8-22 ಇಟ್ಟರೆ, ಪರೀಕ್ಷಿಸಿಕೊಳ್ಳಿ ಅಂದದ್ದು ಏನನ್ನು ಎಂದು ಬೇರೆ ವಿವರಣೆ ಕೊಡಬೇಕಾಗಿ ಬರುವುದಿಲ್ಲ.